ಆರು ದಿನಗಳ ಸೃಷ್ಟಿಯೂ ಎಡೆದೊರೆ ನಾಡಿನ ಕಲ್ಲುಗಳೂ

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಮಿಗೆ ನಮ್ಮ ಹಳೆಯ ಶಾಸನಗಳು ಎಡೆದೊರೆ ನಾಡೆಂದು ಹೆಸರಿಟ್ಟಿವೆ. ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ರಾಯಚೂರು ದೋಆಬು ಎಂದು ಹೆಸರು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಆ ಬಳಿಕ ಬಿಜಾಪುರದ ಆದಿಲಶಾಹಿಗಳೂ ಈ ನೆಲಕ್ಕಾಗಿ ಕಾದಾಡಿದ ಸಂಗತಿಯನ್ನು ಶ್ರೋತೃಗಳು ಶಾಲೆಯ ದಿನಗಳಲ್ಲಿಯೇ ಓದಿರುತ್ತಾರೆ. ಇಂದು ಹೇಳಹೊರಟಿರುವುದು ಆ ಯುದ್ಧಗಳ ಕಥೆಯನ್ನಲ್ಲ. ರಕ್ತಪಾತವಿಲ್ಲದೆ ನಡೆದರೂ ಅವುಗಳಿಗಿಂತ ಹೆಚ್ಚು ಕಾಲ ನಡೆದ, ಇನ್ನೂ ಪೂರ್ತಿಯಾಗಿ ಮುಗಿಯದಿರುವ ಬೇರೊಂದು ವಿವಾದದ ಕಥೆಯನ್ನು. ಮನುಷ್ಯನು ಎಂದು ಹುಟ್ಟಿದನು, ಹೇಗೆ ಹುಟ್ಟಿದನು, ಅವನನ್ನು ದೇವರು ಸೃಷ್ಟಿಸಿದನೆಂದರೆ ಅದರ ಅರ್ಥವೇನು ಎಂಬ ಪ್ರಶ್ನೆಗಳಿಗೆ ಕ್ರೈಸ್ತಮತದವರು ಕಾಲಕಾಲಕ್ಕೆ ಕೊಟ್ಟ ಉತ್ತರಗಳೇ ಇಂದಿನ ಭಾಷಣದ ವಿಷಯ.

ಇಂತಹ ವಿಷಯಕ್ಕೆ ಎಡೆದೊರೆ ನಾಡೇಕೆ ಎಂದು ಕೇಳಬಹುದು. ಈ ಸೀಮೆಯಲ್ಲಿ ಮಸ್ಕಿಯ ನೆರೆಯಲ್ಲಿ ಸಂತೆಕಲ್ಲೂರೆಂಬ ಗ್ರಾಮವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೃಷಿಜ್ಞಾನ ಪ್ರದೀಪಿಕೆ ಎಂಬ ಬೇಸಾಯದ ಗ್ರಂಥವನ್ನು ರಚಿಸಿದ ಘನಮಠದ ಶಿವಯೋಗಿಗಳ ಹೆಸರಿನೊಡನೆ ಸೇರಿ ಪ್ರಸಿದ್ಧವಾದ ಊರು ಅದು. ಅದರ ಸುತ್ತಲಿನ ಮೂರು ಊರುಗಳನ್ನು ನೆನೆಯೋಣ. ಮೊದಲನೆಯದು ಮುದಗಲ್ಲು. ಅಲ್ಲಿ ಯೇಸುಸಭೆಯ ಪಾದ್ರಿಗಳು 1557ಕ್ಕೆ ಮೊದಲೇ ಕಟ್ಟಿಸಿದರೆಂದು ಗೆಜೆಟಿಯರುಗಳು ಹೇಳುವ ದೇವಾಲಯವಿದೆ. ಅದನ್ನು ಆಶ್ರಯಿಸಿ ಕನ್ನಡ ಮಾತಾಡುವ ಕಥೋಲಿಕರ ಸಮುದಾಯವು ತಲೆಮಾರುಗಳಿಂದ ಬಾಳಿಕೊಂಡು ಬಂದಿದೆ. ಎರಡನೆಯದು ಲಿಂಗಸುಗೂರು. ಅಲ್ಲಿ 1842ರಲ್ಲಿ ಪ್ರಿಮ್‌ರೋಸ್ ಎಂಬ ವೈದ್ಯರು ಕಲ್ಲಿನ ಚಾಕುಗಳನ್ನೂ ಬಾಣದ ಮೊನೆಗಳನ್ನೂ ಕಂಡುಹಿಡಿದರು. ಭಾರತದಲ್ಲಿ ಶಿಲಾಯುಗದ ಆಯುಧಗಳನ್ನು ಗುರುತಿಸಿದ ಅತಿ ಪ್ರಾಚೀನ ವರದಿಗಳಲ್ಲಿ ಇದೊಂದು. ಮೂರನೆಯದು ಮಸ್ಕಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡರು. ಧರ್ಮಗ್ರಂಥವನ್ನು ನಂಬಿದ ಜನ, ಕಾಲವನ್ನು ಸಾರುವ ಕಲ್ಲು, ಮನುಷ್ಯನ ಯೋಗ್ಯತೆಯನ್ನು ಕುರಿತ ರಾಜವಾಕ್ಯ, ಈ ಮೂರೂ ಒಂದೇ ಸೀಮೆಯಲ್ಲಿ ಕೂಡಿವೆ. ನಮ್ಮ ವಿಷಯಕ್ಕೆ ಇದಕ್ಕಿಂತ ತಕ್ಕ ನೆಲೆ ಕರ್ಣಾಟಕದಲ್ಲಿ ದೊರೆಯುವುದು ಕಷ್ಟ.

ಪ್ರಿಮ್‌ರೋಸರು ಆ ಕಲ್ಲುಗಳನ್ನು ಎತ್ತಿಕೊಂಡ ಕಾಲದಲ್ಲಿ ಇಂಗ್ಲೆಂಡಿನ ಸಾಮಾನ್ಯ ಗೃಹಸ್ಥನ ಮನೆಯ ಬೈಬಲಿನಲ್ಲಿ, ಆದಿಕಾಂಡದ ಮೊದಲನೆಯ ಪುಟದ ಅಂಚಿನಲ್ಲಿ, ಒಂದು ಇಸವಿ ಅಚ್ಚಾಗಿರುತ್ತಿತ್ತು. ಅದು ಕ್ರಿ. ಪೂ. 4004. ಇದು ಮೂಲಗ್ರಂಥದ ಮಾತಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಎಂಬ ಮಹಾವಿದ್ವಾಂಸರು 1650ರಲ್ಲಿ ಪ್ರಕಟಿಸಿದ ಗಣನೆ. ಅವರು ಮಾಡಿದುದಿಷ್ಟು: ಬಾಬಿಲೋನಿನ ಅರಸು ನೆಬುಕದ್ನೆಚ್ಚರನು ಸತ್ತ ವರ್ಷವನ್ನು ಇತರ ದೇಶಗಳ ಚರಿತ್ರೆಯಿಂದ ನಿಶ್ಚಯಿಸಿಕೊಂಡರು, ಅಲ್ಲಿಂದ ಹಿಂದಕ್ಕೆ ಅರಸರ ಆಳ್ವಿಕೆಗಳನ್ನೂ, ಆದಾಮನಿಂದ ಮೊದಲ್ಗೊಂಡ ವಂಶಾವಳಿಯಲ್ಲಿ ಯಾವ ತಂದೆಗೆ ಯಾವ ವಯಸ್ಸಿನಲ್ಲಿ ಮಗನು ಹುಟ್ಟಿದನೆಂಬುದನ್ನೂ ಕೂಡಿಸುತ್ತ ಹೋದರು. ಲೆಕ್ಕವು ಕ್ರಿ. ಪೂ. 4004ರ ಅಕ್ಟೋಬರ್ 23ರ ಹಿಂದಿನ ಸಂಜೆಯಲ್ಲಿ ಹೋಗಿ ನಿಂತಿತು. 1701ರಿಂದೀಚೆಗೆ ಆಂಗ್ಲ ಬೈಬಲುಗಳ ಅಂಚಿನಲ್ಲಿ ಈ ಇಸವಿ ಅಚ್ಚಾಗತೊಡಗಿತು. ಅಂಚಿನಲ್ಲಿದ್ದುದು ಕ್ರಮೇಣ ಓದುಗರ ಮನಸ್ಸಿನಲ್ಲಿ ಪಾಠದೊಳಕ್ಕೆ ಇಳಿದುಬಿಟ್ಟಿತು.

ಅಷರರನ್ನು ಇಂದು ನಗೆಪಾಟಲು ಮಾಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ತಮ್ಮ ಕಾಲಕ್ಕೆ ದೊರೆತ ಲಿಖಿತ ಸಾಧನಗಳನ್ನೆಲ್ಲ ತಾಳೆಹಾಕಿ ಮಾಡಿದ ಶ್ರಮದ ಕೆಲಸ ಅವರದು. ಅವರೊಬ್ಬರೇ ಇಂತಹ ಲೆಕ್ಕ ಮಾಡಿದವರೂ ಅಲ್ಲ. ಬೈಬಲಿನ ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿ ಪಿತೃಗಳ ವಯಸ್ಸುಗಳು ಹೀಬ್ರೂ ಮೂಲಕ್ಕಿಂತ ಹೆಚ್ಚಾಗಿವೆ. ಅದನ್ನು ಆಧರಿಸಿದ ಪೂರ್ವದೇಶದ ಕ್ರೈಸ್ತಸಭೆಯವರು ಸೃಷ್ಟಿಯನ್ನು ಕ್ರಿ. ಪೂ. 5509ರಲ್ಲಿಟ್ಟರು. ರೋಮಿನ ಸಭೆಯಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಓದುವ ಘೋಷಣೆಯು ಶತಮಾನಗಳ ಕಾಲ 5199 ವರ್ಷಗಳೆಂದು ಹೇಳುತ್ತಿತ್ತು. ಒಂದೇ ಮತ, ಒಂದೇ ಗ್ರಂಥ. ಆದರೂ ಮೂರು ಲೆಕ್ಕಗಳು. ಇಸವಿಯು ದೇವವಾಕ್ಯವಾಗಿರಲಿಲ್ಲ, ಅದು ಮನುಷ್ಯರ ಗಣಿತವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ದಿನಗಳ ವಿಷಯ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ಆರು ದಿನಗಳಲ್ಲಿ ಜಗತ್ತನ್ನು ನಿರ್ಮಿಸಿ ಏಳನೆಯ ದಿನ ವಿಶ್ರಮಿಸಿದನೆಂದಿದೆ. ಎರಡನೆಯ ಅಧ್ಯಾಯದಲ್ಲಿ ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಉಸಿರನ್ನೂದಿದ ಪ್ರಸಂಗವಿದೆ. ಈ ಎರಡು ವರ್ಣನೆಗಳಲ್ಲಿ ಕೆಲಸದ ಅನುಕ್ರಮವೇ ಬೇರೆ ಬೇರೆ. ಈ ಸಂಗತಿ ಡಾರ್ವಿನ್ನನು ಹುಟ್ಟಿದ ಮೇಲೆ ಕಂಡುದಲ್ಲ. ಮೂರನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯದ ಓರಿಜೆನ್ ಎಂಬ ಆಚಾರ್ಯನು, ಸೂರ್ಯನು ನಾಲ್ಕನೆಯ ದಿನದಲ್ಲಿ ಹುಟ್ಟಿದನಾದರೆ ಮೊದಲ ಮೂರು ದಿನಗಳ ಸಂಜೆಯೂ ಮುಂಜಾನೆಯೂ ಎಂತಹವು ಎಂದು ಕೇಳಿದ್ದನು. ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನನು (354-430) ಆದಿಕಾಂಡದ ಮೇಲೆ ಬರೆದ ವ್ಯಾಖ್ಯಾನದಲ್ಲಿ ಇನ್ನೂ ಮುಂದಕ್ಕೆ ಹೋದನು. ದೇವರು ಎಲ್ಲವನ್ನೂ ಒಮ್ಮೆಗೇ ಬೀಜರೂಪದಲ್ಲಿ ಸೃಷ್ಟಿಸಿದನು, ಆ ಬೀಜಶಕ್ತಿಗಳು ತಕ್ಕ ಕಾಲದಲ್ಲಿ ಅರಳಿದುವು ಎಂಬುದು ಅವನ ಅಭಿಪ್ರಾಯ. ಭೂಮಿ ಆಕಾಶಗಳ ಸಂಗತಿಯನ್ನು ಪ್ರತ್ಯಕ್ಷ ಬಲ್ಲ ಅನ್ಯಮತೀಯರ ಮುಂದೆ ಕ್ರೈಸ್ತನು ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧವನ್ನಾಡಿದರೆ ಶಾಸ್ತ್ರಕ್ಕೇ ಅಪಹಾಸ್ಯ ಬರುವುದೆಂದೂ ಅವನು ಎಚ್ಚರಿಸಿದನು. ಅಗಸ್ಟೀನನನ್ನು ವಿಕಾಸವಾದಿಯೆಂದು ಕರೆಯಲಾಗದು. ಒಂದು ಜಾತಿಯ ಜೀವಿ ಇನ್ನೊಂದಾಗಿ ಮಾರ್ಪಡುವುದೆಂಬ ಭಾವನೆ ಅವನಲ್ಲಿರಲಿಲ್ಲ. ಆದರೆ ಅಕ್ಷರಾರ್ಥವೊಂದೇ ಭಕ್ತಿಯ ಲಕ್ಷಣವೆಂಬ ಮಾತಿಗೆ ಅವನು ಬಲವಾದ ಪ್ರತಿವಾದಿ.

ಹದಿಮೂರನೆಯ ಶತಮಾನದಲ್ಲಿ ತೋಮಾಸ್ ಅಕ್ವಿನಾಸನು ಮತ್ತೊಂದು ವಿವೇಕದ ಮಾತನ್ನು ಸೇರಿಸಿದನು. ದೇವರು ಮೂಲಕಾರಣ; ಪ್ರಕೃತಿಯಲ್ಲಿ ಕಾಣುವುವು ಅವಾಂತರಕಾರಣಗಳು; ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕಾದುದಿಲ್ಲ. ಮಳೆಯಿಂದ ಬೆಳೆ ಬಂದಿತೆಂದರೆ ದೇವರ ಕೃಪೆಯಿಂದ ಬಂದಿತೆಂಬ ಒಕ್ಕಲಿಗನ ಮಾತು ಅಳಿಯುವುದೆ? ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಈ ವಿವೇಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಮತ್ತೆ ನಮ್ಮ ನಾಡಿಗೆ ಬರೋಣ. ಗೋವೆಯಿಂದ ಬಂದ ಪಾದ್ರಿಗಳು ಕನ್ನಡಿಗರಿಗೆ ಕಲಿಸಿದುದರಲ್ಲಿ ಮುಖ್ಯವಾದುದು ವಿಶ್ವಾಸಸಂಗ್ರಹ. ಮೈಸೂರು ಸೀಮೆಯಲ್ಲಿ 1649ರಲ್ಲಿ ಮತಕಾರ್ಯವನ್ನಾರಂಭಿಸಿದ ಲಿಯೊನಾರ್ದೊ ಚಿನ್ನಮಿಯು ಕನ್ನಡವನ್ನು ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ರಚಿಸಿದನು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರ ದುಡಿಮೆಯಿಂದ 1830ರ ದಶಕದ ಆದಿಯಲ್ಲಿ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಕ್ರೈಸ್ತರ ವಿಶ್ವಾಸಸಂಗ್ರಹದ ಮೊದಲ ವಾಕ್ಯವು ಪರಲೋಕ ಭೂಲೋಕಗಳ ಕರ್ತನನ್ನು ಹೆಸರಿಸುತ್ತದೆ. ಆದರೆ ಆತನು ಎಂದು ಸೃಷ್ಟಿಸಿದನೆಂಬುದನ್ನಾಗಲಿ ಯಾವ ಕ್ರಮದಿಂದ ಸೃಷ್ಟಿಸಿದನೆಂಬುದನ್ನಾಗಲಿ ಅದು ಹೇಳುವುದಿಲ್ಲ. ನಾಲ್ಕನೆಯ ಶತಮಾನದ ಮಹಾಸಭೆಗಳಲ್ಲಿ ರೂಪುಗೊಂಡ ವಿಶ್ವಾಸವಾಕ್ಯದಲ್ಲಿಯೂ ಇಸವಿಯಿಲ್ಲ, ದಿನಗಳ ಎಣಿಕೆಯೂ ಇಲ್ಲ. ಮುದಗಲ್ಲಿನ ಭಕ್ತನು ಬಾಯಿಪಾಠವಾಗಿ ಒಪ್ಪಬೇಕಾಗಿದ್ದುದು ಇಷ್ಟನ್ನೇ. ಕಲ್ಲಿನ ಆಯುಧಗಳು ಪೆಟ್ಟು ಕೊಟ್ಟುದು ಈ ವಿಶ್ವಾಸಕ್ಕಲ್ಲ, ಅದರ ಸುತ್ತಲೂ ಬೆಳೆದಿದ್ದ ಲೆಕ್ಕಾಚಾರಕ್ಕೆ.

ಆ ಪೆಟ್ಟು ಒಮ್ಮೆಲೇ ಬೀಳಲಿಲ್ಲ. ಭೂಮಿಯು ಆರು ಸಹಸ್ರ ವರ್ಷಗಳಿಗಿಂತ ಬಹು ಪ್ರಾಚೀನವೆಂಬುದನ್ನು ಮೊದಲು ತೋರಿಸಿದ ಭೂಗರ್ಭಶಾಸ್ತ್ರಜ್ಞರಲ್ಲಿ ಅನೇಕರು ಸ್ವತಃ ಪಾದ್ರಿಗಳಾಗಿದ್ದರು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲೆಂಡ್, ಕೇಂಬ್ರಿಜ್ಜಿನ ಆಡಂ ಸೆಜ್ವಿಕ್ ಇವರಿಬ್ಬರೂ ದೀಕ್ಷೆ ಪಡೆದವರೇ. ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್ ಎಂಬ ಪ್ರಸಿದ್ಧ ಬೋಧಕನು 1814ರಲ್ಲಿ, ಆದಿಕಾಂಡದ ಮೊದಲನೆಯ ವಾಕ್ಯಕ್ಕೂ ಎರಡನೆಯ ವಾಕ್ಯಕ್ಕೂ ನಡುವೆ ಎಷ್ಟೋ ಯುಗಗಳು ಕಳೆದಿರಬಹುದೆಂದು ಸಮಾಧಾನ ಹೇಳಿದನು. ಕಲ್ಲುಕುಟಿಗನಾಗಿ ಬದುಕನ್ನಾರಂಭಿಸಿ ಗ್ರಂಥಕರ್ತನಾದ ಹ್ಯೂ ಮಿಲ್ಲರನು ಒಂದೊಂದು ದಿನವೂ ಒಂದೊಂದು ದೀರ್ಘಯುಗವೆಂದು ಅರ್ಥಮಾಡಿದನು. ಹೀಗೆ 1842ರ ವೇಳೆಗೆ ವಿದ್ಯಾವಂತ ಕ್ರೈಸ್ತರಲ್ಲಿ ಬಹು ಮಂದಿ ಭೂಮಿಯ ಪ್ರಾಚೀನತೆಯನ್ನು ಒಪ್ಪಿದ್ದರು. ಮನುಷ್ಯನು ಮಾತ್ರ ನಿನ್ನೆ ಮೊನ್ನೆ ಬಂದವನೆಂಬ ನಂಬಿಕೆ ಭದ್ರವಾಗಿಯೇ ಇತ್ತು. ಲಿಂಗಸುಗೂರಿನಲ್ಲಿ ದೊರೆತ ಸಣ್ಣ ಅಲಗುಗಳು ಶಿಲಾಯುಗದ ಕೊನೆಯ ಹಂತಗಳಿಗೂ ಸೇರಬಹುದಾದ ಬಗೆಯವು. ಅಷ್ಟರಿಂದಲೇ ಅಷರರ ಲೆಕ್ಕ ಮುರಿಯುವಂತಿರಲಿಲ್ಲ. ಅಂತಹ ಕಲ್ಲುಗಳ ಅರ್ಥ ಬಿಡಿಸಲು ಇನ್ನೂ ಎರಡು ದಶಕಗಳು ಬೇಕಾದುವು.

ಫ್ರಾನ್ಸಿನ ಅಬ್‌ವಿಲ್ ಎಂಬ ಊರಿನಲ್ಲಿ ಬೂಶೆ ದ ಪೆರ್ತ್ ಎಂಬ ಸುಂಕದ ಅಧಿಕಾರಿಯು, ಇಂದು ಭೂಮಿಯ ಮೇಲಿಲ್ಲದ ಪ್ರಾಣಿಗಳ ಎಲುಬುಗಳೊಡನೆ ಒಂದೇ ಪದರದಲ್ಲಿ ಮನುಷ್ಯನು ತಟ್ಟಿ ರೂಪಿಸಿದ ಕಲ್ಲುಗಳಿರುವುದನ್ನು ಕಂಡು ಬರೆದನು. ಬಹುಕಾಲ ಅವನನ್ನು ಯಾರೂ ನಂಬಲಿಲ್ಲ. 1859ರಲ್ಲಿ ಇಂಗ್ಲೆಂಡಿನಿಂದ ಪ್ರೆಸ್ಟ್‌ವಿಚ್ ಮತ್ತು ಎವನ್ಸ್ ಎಂಬ ಪಂಡಿತರು ಹೋಗಿ ಸ್ಥಳವನ್ನು ಪರೀಕ್ಷಿಸಿ ಅವನ ಮಾತು ನಿಜವೆಂದು ಸಾರಿದರು. ಅದೇ ವರ್ಷ ನವೆಂಬರ್ 24ರಂದು ಚಾರ್ಲ್ಸ್ ಡಾರ್ವಿನ್ನನ ಜೀವಜಾತಿಗಳ ಉತ್ಪತ್ತಿ ಎಂಬ ಗ್ರಂಥ ಹೊರಬಿದ್ದಿತು. ಮನುಷ್ಯನ ಪ್ರಾಚೀನತೆಯನ್ನು ಕಲ್ಲು ಹೇಳಿತು. ಜೀವಿಗಳ ಪರಸ್ಪರ ಬಂಧುತ್ವವನ್ನು ಗ್ರಂಥ ಹೇಳಿತು.

ಪ್ರೆಸ್ಟ್‌ವಿಚ್ಚರ ಬರಹದಿಂದ ಪ್ರೇರಿತರಾದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. 1858ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಗೆ ಸೇರಿದ ಇವರು 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಒಂದು ಕೈಗೊಡಲಿಯನ್ನು ಜಲ್ಲಿಯ ಗುಂಡಿಯಿಂದ ಎತ್ತಿದರು. ಮುಂದೆ ದಕ್ಷಿಣಾಪಥವನ್ನೆಲ್ಲ ಸುತ್ತಿ, ಎಡೆದೊರೆ ನಾಡಿನ ಮಸ್ಕಿಯ ಗುಡ್ಡಗಳನ್ನೂ ಕಂಡು, ನೂರಾರು ನೆಲೆಗಳಿಂದ ಶಿಲಾಯುಧಗಳನ್ನು ಶೇಖರಿಸಿದರು. 1894ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರ ಇಲಾಖೆ ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥರಾದವರೂ ಇವರೇ. ಈ ಮಹನೀಯರ ಮಾವನವರು ರೆವರೆಂಡ್ ಪೀಟರ್ ಪರ್ಸಿವಲ್. ತಮಿಳಿಗೆ ಬೈಬಲನ್ನು ತಂದ ಮಿಷನರಿ. ಒಂದೇ ಸಂಸಾರದಲ್ಲಿ ಒಬ್ಬರು ಆದಿಕಾಂಡವನ್ನು ಭಾಷಾಂತರಿಸಿದರು, ಇನ್ನೊಬ್ಬರು ಅಷರರ ಇಸವಿಯನ್ನು ನೆಲದಿಂದ ಅಗೆದು ಅಳಿಸಿದರು. ಮತಕ್ಕೂ ವಿಜ್ಞಾನಕ್ಕೂ ಸದಾ ಯುದ್ಧವೇ ನಡೆಯಿತೆಂದು ಹೇಳುವವರು ಇಂತಹ ಸಂಸಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡಾರ್ವಿನ್ನನ ಸಿದ್ಧಾಂತವನ್ನು ಇಲ್ಲಿ ಎರಡು ಮಾತುಗಳಲ್ಲಿ ನೆನಪಿಸುವುದು ಒಳ್ಳೆಯದು. ಎಡೆದೊರೆಯ ರೈತನು ಕಣದಲ್ಲಿ ನಿಂತು ಒಳ್ಳೆಯ ಜೋಳದ ತೆನೆಗಳನ್ನೇ ಮುಂದಿನ ಬಿತ್ತನೆಗೆಂದು ಆರಿಸಿಡುತ್ತಾನೆ. ತಲೆಮಾರುಗಳು ಕಳೆದಂತೆ ಪೈರಿನ ಗುಣವೇ ಬದಲಾಗುತ್ತದೆ. ಆರಿಸುವವನಿಲ್ಲದೆಯೂ ಪ್ರಕೃತಿಯಲ್ಲಿ ಇಂತಹ ಆಯ್ಕೆ ನಡೆಯುತ್ತದೆಂದು ಡಾರ್ವಿನ್ನನು ತೋರಿಸಿದನು. ಹುಟ್ಟುವ ಜೀವಿಗಳು ಬದುಕುವುದಕ್ಕೆ ಸಾಧ್ಯವಾದವುಗಳಿಗಿಂತ ಹೆಚ್ಚು. ಅವುಗಳಲ್ಲಿ ಸಣ್ಣಪುಟ್ಟ ಭೇದಗಳುಂಟು. ಆ ಭೇದಗಳಲ್ಲಿ ಕೆಲವು ಸಂತಾನಕ್ಕೆ ಇಳಿಯುತ್ತವೆ. ಸನ್ನಿವೇಶಕ್ಕೆ ಒಗ್ಗಿದುವು ಹೆಚ್ಚು ಸಂತತಿಯನ್ನು ಬಿಡುತ್ತವೆ. ದೀರ್ಘಕಾಲದಲ್ಲಿ ಇದರಿಂದ ಹೊಸ ಜಾತಿಗಳು ಉಂಟಾಗುತ್ತವೆ. ಮನುಷ್ಯನು ಈಗಿನ ಕೋತಿಯಿಂದ ಹುಟ್ಟಿದನೆಂದು ಈ ಸಿದ್ಧಾಂತ ಹೇಳುವುದಿಲ್ಲ. ಮನುಷ್ಯನಿಗೂ ವಾನರಗಳಿಗೂ ಬಹು ಹಿಂದೆ ಸಮಾನ ಪೂರ್ವಜರಿದ್ದರೆಂದು ಹೇಳುತ್ತದೆ.

ಇದಕ್ಕೆ ಕ್ರೈಸ್ತ ಜಗತ್ತು ಒಂದೇ ದನಿಯಲ್ಲಿ ಉತ್ತರ ಕೊಡಲಿಲ್ಲ. 1860ರ ಜೂನ್‌ನಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸನಿಗೂ ಹಕ್ಸ್‌ಲಿಗೂ ನಡೆದ ವಾಗ್ವಾದ ಪ್ರಸಿದ್ಧವಾಗಿದೆ. ಆದರೆ ಅಂದು ಆಡಿದರೆನ್ನುವ ಚುಚ್ಚುಮಾತುಗಳು ಬಹಳ ಕಾಲದ ಮೇಲಿನ ನೆನಪುಗಳಿಂದ ಬಂದವು. ಅದಕ್ಕೆ ಮೊದಲೇ, ಗ್ರಂಥವಿನ್ನೂ ಹೊಸದಾಗಿರುವಾಗ, ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಪಾದ್ರಿಯು ಡಾರ್ವಿನ್ನನಿಗೆ ಮೆಚ್ಚುಗೆಯ ಪತ್ರ ಬರೆದಿದ್ದನು. ಡಾರ್ವಿನ್ನನು ಅದರ ಭಾವವನ್ನು ಹೆಸರಿಲ್ಲದೆ ತನ್ನ ಎರಡನೆಯ ಮುದ್ರಣದಲ್ಲಿ ಸೇರಿಸಿಕೊಂಡನು. ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ನಿಷ್ಠಾವಂತ ಕ್ರೈಸ್ತ. ಹೊಸ ಸಿದ್ಧಾಂತದ ಪರವಾಗಿ ಆ ದೇಶದಲ್ಲಿ ವಾದಿಸಿದವರಲ್ಲಿ ಅಗ್ರಗಣ್ಯ. ಅದೇ ದೇಶದ ಚಾರ್ಲ್ಸ್ ಹಾಜ್ ಎಂಬ ಧರ್ಮಶಾಸ್ತ್ರಜ್ಞನು 1874ರಲ್ಲಿ, ಡಾರ್ವಿನ್ನನ ಮತವು ನಾಸ್ತಿಕತೆಯೇ ಸರಿ ಎಂದು ತೀರ್ಮಾನಿಸಿದನು. ಭೂಮಿಯ ಪ್ರಾಚೀನತೆಯನ್ನು ಒಪ್ಪಿದ್ದ ಸೆಜ್ವಿಕನೂ ತನ್ನ ಹಳೆಯ ಶಿಷ್ಯನಾದ ಡಾರ್ವಿನ್ನನನ್ನು ಒಪ್ಪಲಿಲ್ಲ. 1884ರಲ್ಲಿ ಫ್ರೆಡರಿಕ್ ಟೆಂಪಲ್ ಎಂಬ ಬಿಷಪ್ಪನು ವಿಕಾಸವನ್ನು ಒಪ್ಪಿ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಗಳನ್ನು ಕೊಟ್ಟನು; ಮುಂದೆ ಅವನೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದನು. ಡಾರ್ವಿನ್ನನು 1882ರಲ್ಲಿ ಕಾಲವಾದಾಗ ಅವನ ದೇಹವನ್ನು ಸಮಾಧಿ ಮಾಡಿದುದು ವೆಸ್ಟ್‌ಮಿನ್‌ಸ್ಟರ್ ದೇವಾಲಯದೊಳಗೆ.

ವಿರೋಧಿಸಿದವರೆಲ್ಲರೂ ಮೂಢರಾಗಿದ್ದರೆಂದು ಭಾವಿಸಬಾರದು. ಅವರ ಮುಂದೆ ನಿಜವಾದ ತೊಡಕುಗಳಿದ್ದುವು. ದಿನಗಳ ಎಣಿಕೆಯನ್ನು ರೂಪಕವೆಂದು ಅರ್ಥ ಮಾಡಬಹುದು. ಆದರೆ ಮನುಷ್ಯನು ದೇವರ ಸ್ವರೂಪದಲ್ಲಿ ನಿರ್ಮಿತನೆಂಬ ಮಾತಿಗೆ ಏನು ಮಾಡುವುದು? ಆದಾಮನ ಪತನದಿಂದ ಪಾಪವು ಬಂದಿತೆಂಬುದು ಕ್ರೈಸ್ತ ಮೋಕ್ಷವಿಚಾರದ ಅಡಿಗಲ್ಲು. ಆದಾಮನೊಬ್ಬನು ಇಲ್ಲದಿದ್ದರೆ ಆ ಕಟ್ಟಡದ ಗತಿಯೇನು? ಲಕ್ಷೋಪಲಕ್ಷ ಜೀವಿಗಳು ಹಸಿದು, ಒಂದನ್ನೊಂದು ತಿಂದು, ಸತ್ತು ಮುಗಿದ ದಾರಿಯಿಂದ ದಯಾಮಯನಾದ ದೇವರು ಮನುಷ್ಯನನ್ನು ತಂದನೆಂದರೆ ಆ ದಯೆಯ ಅರ್ಥವೇನು? ಈ ಪ್ರಶ್ನೆಗಳು ಇಂದಿಗೂ ಹಗುರವಾಗಿಲ್ಲ. ಇವುಗಳನ್ನು ಕೇಳಿದವರಿಗೆ ನಾವು ಗೌರವವನ್ನೇ ಸಲ್ಲಿಸಬೇಕು.

ರೋಮಿನ ಸಭೆಯು ನಿಧಾನವಾಗಿ ನಡೆಯಿತು. ಸೇಂಟ್ ಜಾರ್ಜ್ ಮೈವರ್ಟ್ ಎಂಬ ಕಥೋಲಿಕ ಪ್ರಾಣಿಶಾಸ್ತ್ರಜ್ಞನು 1871ರಲ್ಲಿ, ಮನುಷ್ಯನ ದೇಹವು ವಿಕಾಸದಿಂದ ಬಂದಿರಬಹುದು, ಆತ್ಮವು ಮಾತ್ರ ದೇವರಿಂದ ನೇರವಾಗಿ ಬಂದುದು ಎಂಬ ಸಂಧಾನವನ್ನು ಸೂಚಿಸಿದನು. 1950ರ ಆಗಸ್ಟ್ 12ರಂದು ಹನ್ನೆರಡನೆಯ ಪಯಸ್ ಪೋಪರು ಹೊರಡಿಸಿದ ವಿಶ್ವಲೇಖನವು ಬಹುಮಟ್ಟಿಗೆ ಈ ನಿಲುವಿಗೇ ಬಂದಿತು: ದೇಹದ ವಿಕಾಸವನ್ನು ಕುರಿತು ಪಂಡಿತರು ಚರ್ಚಿಸಬಹುದು, ಆತ್ಮವು ದೇವರ ನೇರ ಸೃಷ್ಟಿಯೆಂಬುದನ್ನು ಬಿಡಲಾಗದು. 1996ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ತಮ್ಮ ವಿಜ್ಞಾನ ಪರಿಷತ್ತಿಗೆ ಕಳುಹಿಸಿದ ಸಂದೇಶದಲ್ಲಿ, ವಿಕಾಸವು ಈಗ ಬರಿಯ ಊಹೆಗಿಂತ ಹೆಚ್ಚಿನದೆಂದು ಒಪ್ಪಿಕೊಂಡರು. ಕ್ರಿಸ್ಮಸ್ಸಿನ ಹಳೆಯ ಘೋಷಣೆಯಲ್ಲಿದ್ದ 5199 ಎಂಬ ಸಂಖ್ಯೆಯೂ ಪರಿಷ್ಕೃತ ಪಾಠದಲ್ಲಿ ಹೋಗಿ, ಸೃಷ್ಟಿಯಿಂದ ಎಣಿಸಲಾಗದ ಯುಗಗಳು ಕಳೆದ ಮೇಲೆ ಎಂಬ ಅರ್ಥದ ಮಾತು ಬಂದಿದೆ. ಒಂದು ಸಂಖ್ಯೆ ಹೋಯಿತು, ಹಬ್ಬ ಹೋಗಲಿಲ್ಲ.

ಪ್ರಾಟೆಸ್ಟೆಂಟರಲ್ಲಿ ದಾರಿ ಎರಡಾಗಿ ಒಡೆಯಿತು. ಯೂರೋಪಿನ ಹಳೆಯ ಸಭೆಗಳು ಹೆಚ್ಚು ಗದ್ದಲವಿಲ್ಲದೆ ಹೊಸ ವಿಚಾರವನ್ನು ಅರಗಿಸಿಕೊಂಡುವು. ಅಮೆರಿಕದ ಟೆನೆಸ್ಸಿ ಸಂಸ್ಥಾನದಲ್ಲಿ ಮಾತ್ರ 1925ರಲ್ಲಿ ಮನುಷ್ಯನ ವಿಕಾಸವನ್ನು ಸರ್ಕಾರದ ಶಾಲೆಗಳಲ್ಲಿ ಬೋಧಿಸಕೂಡದೆಂಬ ಕಾಯಿದೆಯಾಯಿತು. ಜಾನ್ ಸ್ಕೋಪ್ಸ್ ಎಂಬ ಉಪಾಧ್ಯಾಯನಿಗೆ ನ್ಯಾಯಾಲಯವು 100 ಡಾಲರು ದಂಡ ವಿಧಿಸಿತು. ತಾಂತ್ರಿಕ ಕಾರಣದಿಂದ ಅದು ಅನಂತರ ರದ್ದಾಯಿತು. ಆ ಕಾಯಿದೆ ತೊಲಗಿದುದು 1967ರಲ್ಲಿ. 1961ರಲ್ಲಿ ವಿಟ್‌ಕೋಂಬ್ ಮತ್ತು ಮಾರಿಸ್ ಎಂಬಿಬ್ಬರು ಬರೆದ ಜಲಪ್ರಳಯದ ಗ್ರಂಥವೊಂದು, ಕೆಲವೇ ಸಹಸ್ರ ವರ್ಷಗಳ ಭೂಮಿಯೆಂಬ ವಾದಕ್ಕೆ ಮತ್ತೆ ಜೀವ ಕೊಟ್ಟಿತು. ಗಮನಿಸಬೇಕಾದುದೇನೆಂದರೆ, ಇಂದು ಪುರಾತನ ಕ್ರೈಸ್ತ ನಂಬಿಕೆಯೆಂದು ನಮ್ಮ ಪಟ್ಟಣಗಳಿಗೂ ಬಂದು ಮುಟ್ಟುವ ಈ ವಾದದ ಈಗಿನ ರೂಪ ಇಪ್ಪತ್ತನೆಯ ಶತಮಾನದ್ದು. ಅಗಸ್ಟೀನನ ವ್ಯಾಖ್ಯಾನವು ಅದಕ್ಕಿಂತ ಒಂದೂವರೆ ಸಹಸ್ರ ವರ್ಷ ಹಳೆಯದು.

ಈ ವಿವಾದದಲ್ಲಿ ಪಣಕ್ಕಿಟ್ಟುದು ಬರಿಯ ಪುಸ್ತಕದ ಪಾಂಡಿತ್ಯವಾಗಿರಲಿಲ್ಲ. ಮನುಷ್ಯರ ಸಮಾನತೆಯೂ ಪಣದಲ್ಲಿತ್ತು. ಫ್ರಾನ್ಸಿನ ಲಾ ಪೇರೇರ್ ಎಂಬುವನು 1655ರಲ್ಲಿ, ಆದಾಮನಿಗಿಂತ ಮೊದಲೂ ಮನುಷ್ಯರಿದ್ದರೆಂದು ಬರೆದನು. ಹತ್ತೊಂಬತ್ತನೆಯ ಶತಮಾನದ ಕೆಲವು ಪಂಡಿತರು ಅಂತಹ ಭಾವನೆಯನ್ನು ಮುಂದುವರಿಸಿ, ಬೇರೆ ಬೇರೆ ಬಣ್ಣದ ಜನರು ಬೇರೆ ಬೇರೆಯಾಗಿ ಹುಟ್ಟಿದ ಜಾತಿಗಳೆಂದು ವಾದಿಸಿದರು. ಗುಲಾಮಗಿರಿಯನ್ನು ಸಮರ್ಥಿಸುವವರಿಗೆ ಅದು ಒದಗಿ ಬಂದಿತು. ಎಲ್ಲ ಜನಾಂಗಗಳೂ ಒಂದೇ ರಕ್ತದವು ಎಂಬ ಅಪೊಸ್ತಲ ಪೌಲನ ಬೋಧೆಯನ್ನು ಹಿಡಿದು ಇದನ್ನು ಎದುರಿಸಿದವರು ಅನೇಕ ಕ್ರೈಸ್ತರು. 1871ರ ತನ್ನ ಗ್ರಂಥದಲ್ಲಿ ಡಾರ್ವಿನ್ನನೂ, ದಾರಿ ಬೇರೆಯಾದರೂ, ಅದೇ ನಿರ್ಣಯಕ್ಕೆ ಬಂದನು: ಮನುಷ್ಯರೆಲ್ಲರೂ ಒಂದೇ ಜಾತಿ, ಒಂದೇ ಮೂಲದವರು. ಇಂದಿನ ಶಾಸ್ತ್ರವು ನಮ್ಮ ಜಾತಿಯ ಉದಯವನ್ನು ಆಫ್ರಿಕ ಖಂಡದಲ್ಲಿ ಸುಮಾರು 3 ಲಕ್ಷ ವರ್ಷಗಳ ಹಿಂದಿಡುತ್ತದೆ. ಆ ಪೂರ್ವಜರು ಒಂದು ದಂಪತಿಯಲ್ಲ, ಸಹಸ್ರಾರು ಜನರ ಸಮೂಹವೆಂದೂ ಅದು ಹೇಳುತ್ತದೆ. ಆದಾಮನನ್ನು ಕುರಿತ ಪ್ರಶ್ನೆ ಧರ್ಮಶಾಸ್ತ್ರಜ್ಞರಿಗೆ ಹೀಗೆ ಇನ್ನೂ ಉಳಿದಿದೆ. ಆದರೆ ಒಕ್ಕುಲದ ಮಾತು ಗೆದ್ದಿದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನು ಬರೆಸಿದುದರ ತಾತ್ಪರ್ಯವೂ ಇದಕ್ಕೆ ದೂರವಲ್ಲ: ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಧರ್ಮದಲ್ಲಿ ನಿರತನಾದ ಅಲ್ಪನಿಗೂ ಅದು ಲಭ್ಯ. ಜಾತಿಯ ಮೇಲು ಕೀಳುಗಳನ್ನು ಹುಟ್ಟಿಗೇ ಕಟ್ಟಿಹಾಕಿದ ನಮ್ಮ ಸಮಾಜವು ಈ ಮೂರು ಮಾತುಗಳನ್ನೂ ಒಟ್ಟಿಗೆ ಕೇಳಿಸಿಕೊಳ್ಳುವುದು ಲೇಸು.

ಇಷ್ಟನ್ನು ಕೇಳಿ ನಮ್ಮವರಲ್ಲಿ ಕೆಲವರಿಗೆ ಒಂದು ಹೆಮ್ಮೆ ತೋರಬಹುದು. ಪಾಶ್ಚಾತ್ಯರು ಆರು ಸಹಸ್ರ ವರ್ಷಗಳಲ್ಲಿ ತೊಳಲುತ್ತಿದ್ದಾಗ ನಮ್ಮ ಪುರಾಣಗಳು ಬ್ರಹ್ಮನ ಒಂದು ಹಗಲಿಗೇ 432 ಕೋಟಿ ವರ್ಷಗಳನ್ನು ಕೊಟ್ಟಿದ್ದುವಲ್ಲವೆ? ಕೊಟ್ಟಿದ್ದುವು, ನಿಜ. ಆದರೆ ದೊಡ್ಡ ಸಂಖ್ಯೆಯೇ ಪ್ರಮಾಣವಲ್ಲ. ಅಷರರ ಸಣ್ಣ ಸಂಖ್ಯೆಯಾಗಲಿ ನಮ್ಮ ದೊಡ್ಡ ಸಂಖ್ಯೆಯಾಗಲಿ ಕಲ್ಲನ್ನು ಪರೀಕ್ಷಿಸಿ ಬಂದುದಲ್ಲ. ಈ ತೊಡಕು ಕ್ರೈಸ್ತರದು ಮಾತ್ರವೆಂದು ನಾವು ಹೇಳುವಂತಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ಒಬ್ಬ ರಾಜ್ಯಮಂತ್ರಿಗಳು, ಕೋತಿಯು ಮನುಷ್ಯನಾದುದನ್ನು ನಮ್ಮ ಪೂರ್ವಿಕರು ಯಾರೂ ಕಂಡಿಲ್ಲವೆಂಬ ಅರ್ಥದಲ್ಲಿ ಡಾರ್ವಿನ್ನನನ್ನು ಅಲ್ಲಗಳೆದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಲೇ ಅದನ್ನು ಖಂಡಿಸಿದುವು. 2023ರಲ್ಲಿ ಹತ್ತನೆಯ ತರಗತಿಯ ರಾಷ್ಟ್ರೀಯ ಪಠ್ಯಪುಸ್ತಕದಿಂದ ವಿಕಾಸದ ಪಾಠವನ್ನು ಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗ ಪತ್ರಕ್ಕೆ ರುಜು ಹಾಕಿದರು. ಹತ್ತನೆಯ ತರಗತಿಯ ಬಳಿಕ ಜೀವಶಾಸ್ತ್ರವನ್ನು ಬಿಟ್ಟುಬಿಡುವ ವಿದ್ಯಾರ್ಥಿಯು ಈ ವಿಚಾರವನ್ನು ಮತ್ತೆ ಎಲ್ಲಿಯೂ ಓದುವುದಿಲ್ಲ ಎಂಬುದೇ ಅವರ ಚಿಂತೆ.

ನಂಬಿಕೆಯನ್ನೂ ಪರೀಕ್ಷೆಯನ್ನೂ ಹೇಗೆ ಒಟ್ಟಿಗಿಟ್ಟುಕೊಳ್ಳಬಹುದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ನಿದರ್ಶನವಿದೆ. ಬಳ್ಳಾರಿ ರಾಯಚೂರು ಪ್ರಾಂತಗಳಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಹಂಪೆಯ ಬಳಿ ನಿಂಬಾಪುರದಲ್ಲಿರುವುದನ್ನು ಜನರು ವಾಲಿಯ ದಹನವಾದ ಸ್ಥಳವೆಂದು ತೋರಿಸುತ್ತಾರೆ. ಇಂತಹ ದಿಬ್ಬಗಳು ದನದ ಸಗಣಿಯ ಬೂದಿಯೆಂದು ಫೂಟರು ಊಹಿಸಿದ್ದರು. 1957ರಲ್ಲಿ ಕೃಷ್ಣೆಯ ಆಚೆ ಉತನೂರಿನಲ್ಲಿ ಅಗೆದ ಆಲ್ಚಿನ್ನರಿಗೆ ದನದ ದೊಡ್ಡಿಯ ಬೇಲಿಯ ಗುರುತುಗಳೂ ಗೊರಸಿನ ಅಚ್ಚುಗಳೂ ದೊರೆತು ಅದು ಸ್ಥಿರಪಟ್ಟಿತು. ನಾಲ್ಕು ಸಹಸ್ರ ವರ್ಷಗಳಿಗೂ ಹಿಂದಿನ ದನಗಾಹಿಗಳ ಕುರುಹುಗಳು ಅವು. ಆ ಮೇಲೆಯೂ ನಿಂಬಾಪುರದಲ್ಲಿ ವಾಲಿಯ ಹೆಸರು ಅಳಿಯಲಿಲ್ಲ. ಬೂದಿ ಯಾವುದರದು ಎಂಬ ಪ್ರಶ್ನೆಗೆ ಗುದ್ದಲಿ ಉತ್ತರ ಕೊಟ್ಟಿತು. ಭ್ರಾತೃದ್ವೇಷದ ಫಲವೇನು ಎಂಬ ಪ್ರಶ್ನೆಗೆ ಇಂದಿಗೂ ರಾಮಾಯಣವೇ ಉತ್ತರ ಕೊಡಬೇಕು. ಮೊದಲನೆಯ ಪ್ರಶ್ನೆಯನ್ನು ರಾಮಾಯಣಕ್ಕೂ ಎರಡನೆಯದನ್ನು ಗುದ್ದಲಿಗೂ ಹಾಕಿದಾಗಲೇ ಜಗಳ ಹುಟ್ಟುವುದು.

ಎಡೆದೊರೆಯ ನೆಲವನ್ನು ಆ ಬಳಿಕ ಶ್ರದ್ಧೆಯಿಂದ ಪರಿಶೀಲಿಸಿದ್ದಾರೆ. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ನರೂ, ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರರೂ ಉತ್ಖನನ ನಡೆಸಿ ನವಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದರು. ಕೃಷ್ಣೆಯ ಉತ್ತರಕ್ಕೆ, ಸುರಪುರ ಸೀಮೆಯ ಹುಣಸಗಿಯ ಕಣಿವೆಯಲ್ಲಿ, ಇಸಾಂಪುರವೆಂಬಲ್ಲಿ ಆದಿಮಾನವರು ಸುಣ್ಣಗಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಕಾರ್ಯಸ್ಥಾನವೇ ದೊರೆತಿದೆ. ಅಲ್ಲಿಯ ಪ್ರಾಣಿದಂತಗಳ ಪರೀಕ್ಷೆಯಿಂದ ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜು ಮಾಡಿದ್ದಾರೆ. ಅಲ್ಲಿ ಕುಳಿತು ಕಲ್ಲನ್ನು ತಟ್ಟಿದವರು ನಮ್ಮ ಜಾತಿಯ ಮನುಷ್ಯರೂ ಅಲ್ಲ, ನಮಗಿಂತ ಹಿಂದಿನ ಮಾನವಜಾತಿಯವರು. ಅವರಲ್ಲಿ ಆತ್ಮವಿತ್ತೆ, ದೇವರ ಸ್ವರೂಪ ಯಾವ ತಲೆಮಾರಿನಲ್ಲಿ ಇಳಿಯಿತು ಎಂಬುದನ್ನು ಕಲ್ಲು ಹೇಳಲಾರದು. ಅವರು ಇದ್ದರು, ಕೈಯಿಂದ ದುಡಿದರು, ಮುಂದಿನ ಕೆಲಸವನ್ನು ಮೊದಲೇ ಯೋಚಿಸಿ ಕಲ್ಲನ್ನು ಆರಿಸಿದರು ಎಂಬುದನ್ನಾದರೋ ಅದು ಸಂದೇಹವಿಲ್ಲದೆ ಹೇಳುತ್ತದೆ.

ಮುದಗಲ್ಲಿನಲ್ಲಿ ಅಥವಾ ಸಂತೆಕಲ್ಲೂರಿನಲ್ಲಿ ಇಂದು ಓದುತ್ತಿರುವ ಒಬ್ಬ ಬಾಲಕನಿಗೆ, ಅವನು ಕ್ರೈಸ್ತನಾಗಿರಲಿ, ಲಿಂಗಾಯತನಾಗಿರಲಿ, ಮುಸಲ್ಮಾನನಾಗಿರಲಿ, ನಿನ್ನ ಮನೆಯ ಪ್ರಾರ್ಥನೆಯನ್ನಾದರೂ ಬಿಡು, ಇಲ್ಲವೆ ಶಾಲೆಯ ಪಾಠವನ್ನಾದರೂ ಬಿಡು ಎಂದು ಹೇಳುವವರು ಎರಡು ಕಡೆಗಳಲ್ಲಿಯೂ ಇದ್ದಾರೆ. ಕ್ರೈಸ್ತಮತದ ಚರಿತ್ರೆಯನ್ನು ನೋಡಿದರೆ ಅಂತಹ ಬಲವಂತಕ್ಕೆ ಆಧಾರ ಕಾಣುವುದಿಲ್ಲ. ಆ ಮತದ ದೊಡ್ಡ ಆಚಾರ್ಯರು ಕಾಲವನ್ನು ಕಂಡು ಹೆದರಲಿಲ್ಲ. ಹೆದರಿದವರು ಅಂಚಿನ ಇಸವಿಯನ್ನು ಮೂಲಪಾಠವೆಂದು ಭಾವಿಸಿದವರು. ಆ ಬಾಲಕನ ಕೈಗೆ ಅವನ ಊರಿನ ನೆಲದಲ್ಲಿಯೇ ದೊರೆಯುವಂತಹ ಒಂದು ಶಿಲಾಯುಧವನ್ನು ಕೊಟ್ಟು, ಇದನ್ನು ಮಾಡಿದವನು ಯಾರು, ಎಂದು, ಹೇಗೆ ಎಂದು ಕೇಳುವ ಉಪಾಧ್ಯಾಯರು ಒಬ್ಬೊಬ್ಬರು ಪ್ರತಿ ಶಾಲೆಯಲ್ಲಿಯೂ ಇರಬೇಕು. ಏಕೆ ಎಂಬ ಪ್ರಶ್ನೆಯನ್ನು ಅವನು ತಾನಾಗಿಯೇ ಕೇಳುವನು. ಅದಕ್ಕೆ ಉತ್ತರವನ್ನು ತನ್ನ ಹಿರಿಯರಲ್ಲಿಯೂ ತನ್ನ ಅಂತರಂಗದಲ್ಲಿಯೂ ಹುಡುಕಿಕೊಳ್ಳಲು ಅವನಿಗೆ ಸ್ವಾತಂತ್ರ್ಯವಿರಲಿ.